ಬೀಗಿತ್ತಿಯರ ಕೌದಿ

ತಿಪಟೂರು
೧೭ ಜೂನ್ ೨೦೨೪

ಬೀಗಿತ್ತಿ ಗುರುಸಿದ್ದಮ್ಮನವರಿಗೆ ರಂಗಮ್ಮ ಮಾಡುವ ನಮಸ್ಕಾರ.

ಕಾಗದ ನೋಡಿ ಹುಬ್ಬು ಗಂಟಿಕ್ಕಬೇಡಿ. ನನ್ನ ನಂಬರನ್ನು ನೀವು ಬ್ಲಾಕ್ ಮಾಡಿದ್ದೀರಂತೆ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ಮುಗಿಸಿರುತ್ತೀರಿ. ಕಾಗದದಲ್ಲಿ ಆ ಅನುಕೂಲ ನಿಮಗಿಲ್ಲ, ನಾನು ಮುಗಿಸುವ ತನಕ ಕಾಯಲೇಬೇಕು. ತುರುವೇಕೆರೆ ಬಸ್ಸಿನ ಕಂಡಕ್ಟರ್ ಬೆಟ್ಟಸ್ವಾಮಿ ನನ್ನ ಹಳೆಯ ಪರಿಚಯ. ಇದನ್ನು ನಿಮ್ಮ ಕೈಗೇ ಕೊಡುತ್ತಾನೆ.

ವಿಷಯಕ್ಕೆ ಬರುತ್ತೇನೆ. ನನ್ನ ಮಗಳು, ನಿಮ್ಮ ಸೊಸೆ ಯೋಗಿತಾಗೆ ಐದು ತಿಂಗಳು ತುಂಬುತ್ತಿದೆ. ನಮ್ಮ ಮನೆತನದಲ್ಲಿ ಮಗಳ ಚೊಚ್ಚಲ ಕೂಸಿಗೆ ತವರಿನವರು ಕೌದಿ ಹೊಲಿದು ಕೊಡುವುದು ನಡೆದುಕೊಂಡು ಬಂದಿದೆ. ಬಾಣಂತನ ಮುಗಿದು ಕೂಸು ಅಪ್ಪನ ಮನೆಗೆ ಹೋಗುವ ದಿನ ಆ ಕೌದಿಯಲ್ಲೇ ಮಲಗಿ ಹೊಸ್ತಿಲು ದಾಟಬೇಕು. ನನ್ನನ್ನು ಹಾಗೇ ತಂದರು, ಯೋಗಿತಾಳನ್ನೂ ಹಾಗೇ ತಂದೆ.

ಈ ಕೌದಿಗೆ ಹೊಸ ಬಟ್ಟೆ ಆಗದು, ಕೊಂಡ ಬಟ್ಟೆಯೂ ಆಗದು. ಉಟ್ಟು, ಒಗೆದು, ಮೈಗೆ ಒಗ್ಗಿ ಮೆತ್ತಗಾದ ಸೀರೆಯೇ ಬೇಕು, ಅದನ್ನೂ ಬಾಯಿಬಿಟ್ಟು ಕೇಳಿ ತರಬೇಕು. ನಡುವಿನ ತುಂಡು ಮಾತ್ರ ಕೂಸಿನ ಅಪ್ಪನ ಮನೆಯದೇ ಆಗಬೇಕು. ‘ಯಾಕವ್ವ ಇಷ್ಟೆಲ್ಲ’ ಎಂದು ಕೇಳಿದ್ದಕ್ಕೆ ನನ್ನವ್ವ, ‘ಕೂಸು ಅಂಗಾತ ಮಲಗ್ದಾಗ ಎರಡು ಮನೇನೂ ಬೆನ್ನಿಗಿರ್ಬೇಕು ಕಣೇ’ ಎಂದಿದ್ದಳು.

ನನ್ನ ಅಂಗಡಿಯಲ್ಲಿ ಹಳೆಯ ಸೀರೆಗೆ ಬರವಿಲ್ಲವೆಂದು ನಿಮಗೂ ಗೊತ್ತು, ನಿಮ್ಮ ನೆಂಟರಿಗೂ ಗೊತ್ತು. ಸ್ಟೀಲ್ ಪಾತ್ರೆ ಹೊತ್ತು ಹೊನ್ನವಳ್ಳಿ, ಬಿಳಿಗೆರೆ, ಹಂದನಕೆರೆ ಎಂದು ಮನೆಮನೆ ತಿರುಗಿ, ಪಾತ್ರೆ ಕೊಟ್ಟು ಸೀರೆ ತಂದು, ಅದನ್ನು ಕೌದಿ ಮಾಡಿ ಮೇಲೆ ಬಂದವಳು ನಾನು. ಆದರೆ ಅದು ವ್ಯಾಪಾರ. ಒಂದು ಕೈ ಕೊಟ್ಟಿತು, ಇನ್ನೊಂದು ತೆಗೆದುಕೊಂಡಿತು, ಲೆಕ್ಕ ಅಲ್ಲೇ ಚುಕ್ತಾ. ಏನನ್ನೂ ಕೊಡದೆ ಬರಿಗೈ ಒಡ್ಡುವುದು ನನಗೆ ಇದೇ ಮೊದಲು, ಅದೂ ನಿಮ್ಮ ಮುಂದೆ.

ನೀವು ಉಟ್ಟ ಒಂದು ಹತ್ತಿ ಸೀರೆ ಕೊಡಿ. ಹರಿದಿದ್ದರೆ ಇನ್ನೂ ಒಳ್ಳೆಯದು.

ಇಂತು,
ರಂಗಮ್ಮ


ತುರುವೇಕೆರೆ
೨೪ ಜೂನ್ ೨೦೨೪

ರಂಗಮ್ಮನವರಿಗೆ ಶರಣು.

ನಮ್ಮ ಮನೆಯಿಂದ ಹರಿದ ಸೀರೆ ಯಾರಿಗೂ ಕೊಟ್ಟು ಅಭ್ಯಾಸವಿಲ್ಲ. ಕೊಡುವುದಿದ್ದರೆ ಒಳ್ಳೆಯದನ್ನೇ ಕೊಡುತ್ತೇವೆ. ಮೊಳಕಾಲ್ಮೂರು ರೇಷ್ಮೆ ಸೀರೆ ಕಳಿಸಿದ್ದೇನೆ. ಮಡಿಕೆ ಬಿಚ್ಚಿಲ್ಲ. ಕತ್ತರಿಸುತ್ತೀರೋ ಉಡುತ್ತೀರೋ ನಿಮ್ಮಿಷ್ಟ.

ಮಗುವಿಗೆ ಹಾಸಿಗೆ, ಸೊಳ್ಳೆಪರದೆ, ದಿಂಬು ಎಲ್ಲ ಮಗ ಸಿದ್ದಾರ್ಥ್ ಆಗಲೇ ತಂದಿದ್ದಾನೆ. ಹಳೆಯ ಬಟ್ಟೆಯ ಮೇಲೆ ಮಲಗಿಸಿದರೆ ಜನ ಏನೆಂದಾರು? ನನ್ನ ನಾದಿನಿ ಗಂಗಾಂಬಿಕೆಯ ಬಾಯಿ ನೀವು ಮದುವೆಯಲ್ಲೇ ಕೇಳಿದ್ದೀರಿ.

ಗುರುಸಿದ್ದಮ್ಮ


ತಿಪಟೂರು
೨೯ ಜೂನ್ ೨೦೨೪

ಬೀಗಿತ್ತಿಯವರಿಗೆ,

ಸೀರೆ ಬಂತು. ಬಣ್ಣ ಚೆನ್ನಾಗಿದೆ, ಅಂಚು ಇನ್ನೂ ಚೆನ್ನಾಗಿದೆ. ಅಂಗಡಿಯ ಹೆಂಗಸರೆಲ್ಲ ಕೈತೊಳೆದು ಬಂದು ಮುಟ್ಟಿ ನೋಡಿದರು. ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, ಬೆಟ್ಟಸ್ವಾಮಿಯ ಕೈಲಿ ವಾಪಸ್ಸು ಕಳಿಸುತ್ತಿದ್ದೇನೆ.

ಅವನಿಗೆ ಈ ಗಂಟು ಮುಟ್ಟುವುದಕ್ಕೇ ಭಯ. ‘ಬ್ಯಾಡ ಕಣಕ್ಕ, ಬೀಗ್ರು ಕೊಟ್ಟ ಸೀರೆ ತಿರುಗಿ ಕಳ್ಸೋರು ಉಂಟಾ? ಇದು ಸೀರೆ ಅಲ್ಲ, ಬಾಂಬು. ನನ್ ಬಸ್ನಲ್ಲಿ ಬ್ಯಾಡ’ ಎಂದ. ‘ಬಾಂಬಿಗೂ ಟಿಕೆಟ್ ಹರಿ, ಹೋಗಪ್ಪ’ ಎಂದೆ.

ನಿಮ್ಮನ್ನು ಅವಮಾನ ಮಾಡಬೇಕೆಂದಲ್ಲ. ರೇಷ್ಮೆ ಕೌದಿ ಹೊಲಿಯುವ ದಪ್ಪ ದಬ್ಬಳಕ್ಕೆ ನಿಲ್ಲುವುದಿಲ್ಲ, ಜಾರುತ್ತದೆ. ನಿಂತರೂ ಉಡದ ಸೀರೆಯಲ್ಲಿ ಯಾರಿದ್ದಾರೆ ಹೇಳಿ? ಕೂಸಿನ ಬೆನ್ನಿಗೆ ಬೇಕಾದದ್ದು ಅಜ್ಜಿ, ಅಂಗಡಿಯವನಲ್ಲ. ನಾನು ಕೇಳಿದ್ದು ನಿಮ್ಮ ಬೀರುವಿನಲ್ಲಿರುವುದನ್ನಲ್ಲ, ಅಡುಗೆಮನೆಯಲ್ಲಿ ಕೈ ಒರೆಸಿಕೊಳ್ಳುತ್ತೀರಲ್ಲ, ಅದನ್ನು.

ಕೇಳಿದ ಮೇಲೆ ಕೇಳಿಯೇ ಆಯಿತು. ಇನ್ನೊಮ್ಮೆ ಕೇಳುತ್ತಿದ್ದೇನೆ.

ರಂಗಮ್ಮ


ತುರುವೇಕೆರೆ
೨ ಜುಲೈ ೨೦೨೪

ಅಮ್ಮ,

ಫೋನಿನಲ್ಲಿ ಹೇಳಿದರೆ ಅತ್ತೆಗೆ ಕೇಳಿಸುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ನಿನಗೆ ಬುದ್ಧಿ ಇದೆಯಾ?

ಸೀರೆ ಬಂದಾಗ ಗಂಗಾಂಬಿಕೆಯವರು ಇಲ್ಲೇ ಇದ್ದರು. ಗಂಟು ಬಿಚ್ಚಿದ್ದೇ ತಡ, ‘ಪಾತ್ರೆಯೋಳಿಗೆ ರೇಷ್ಮೆ ಯಾಕತ್ತಿಗೆ? ಅವಳಿಗೆ ಹರಕಲೇ ಆಗ್ಬೇಕು’ ಅಂದರು. ಅತ್ತೆ ಸೀರೆಯನ್ನು ಒಳಗಿಟ್ಟು ಬಂದು ನನಗೆ ಊಟಕ್ಕೆ ಬಡಿಸಿದರು. ಸಂಜೆ ದೀಪ ಹಚ್ಚಿ ತಿರುಗಿದವರು, ‘ಆ ಕೌದಿ ಈ ಹೊಸ್ತಿಲು ದಾಟಿ ಒಳಗೆ ಬಂದ್ರೆ, ನಾನು ಆಚೆ ಹೋಯ್ತೀನಿ. ನಿಮ್ಮಮ್ಮಂಗೆ ಬರಿ’ ಅಂದರು. ಬರೆದಿದ್ದೇನೆ.

ಅವರು ಹೇಳಿದ್ದನ್ನು ಮಾಡುವವರು. ನೀನು ಹಿಡಿದದ್ದನ್ನು ಬಿಡುವವಳಲ್ಲ. ನಿಮ್ಮಿಬ್ಬರ ನಡುವೆ ನಾನಿದ್ದೇನೆ, ನನ್ನೊಳಗೆ ಇನ್ನೊಬ್ಬರಿದ್ದಾರೆ. ಕೌದಿ ಇಲ್ಲದಿದ್ದರೆ ಮಗು ಬೆಳೆಯುವುದಿಲ್ಲವಾ, ಅಮ್ಮ?

ಯೋಗಿತಾ


ತಿಪಟೂರು
೯ ಡಿಸೆಂಬರ್ ೨೦೨೪

ಬೀಗಿತ್ತಿ ಗುರುಸಿದ್ದಮ್ಮನವರಿಗೆ,

ಮೊಮ್ಮಗಳನ್ನು ನೋಡಲು ಬಂದಿದ್ದಿರಿ. ಸಂತೋಷ. ನಮ್ಮ ಮನೆಯಲ್ಲಿ ನೀವು ಆಡಿದ ಮಾತು ‘ಕಾಫಿ ಬೇಡ’ ಎಂಬುದೊಂದೇ. ಆದರೂ ಬಾಗಿಲಿಗೆ ಹೋದವರು ತಿರುಗಿ ಬಂದು ಇನ್ನೊಂದು ಸಲ ಕೂಸಿನ ಬೆನ್ನು ಮುಟ್ಟಿ ನೋಡಿದಿರಿ. ನಾನು ನೋಡಲಿಲ್ಲ ಎಂದುಕೊಂಡಿರಬಹುದು. ವ್ಯಾಪಾರದವಳು, ಗಿರಾಕಿಯ ಕೈ ಎಲ್ಲಿ ನಿಲ್ಲುತ್ತದೆ ಎನ್ನುವುದನ್ನೇ ನೋಡುತ್ತಿರುತ್ತೇನೆ.

ಬೆನ್ನಿನ ತುಂಬ ಕೆಂಪು ಗುಳ್ಳೆ. ಬಾಣಂತಿ ಕೋಣೆಯ ಕಾವಿಗೆ ನಿಮ್ಮ ಹಾಸಿಗೆಯ ರಬ್ಬರು ಶೀಟು ಬೆವರುತ್ತದೆ. ನಾನು ತೆಗೆಯಲಿಲ್ಲ, ಮೇಲೊಂದು ಪಂಚೆ ಹಾಸಿದ್ದೇನೆ. ನೀವು ತಂದದ್ದನ್ನು ಎರಡನೇ ಸಲ ವಾಪಸ್ಸು ಮಾಡುವ ಧೈರ್ಯ ನನಗೂ ಇಲ್ಲ.

ಕೌದಿಯ ಸುತ್ತಿನ ತುಂಡುಗಳೆಲ್ಲ ಬಂದಿವೆ. ನಮ್ಮ ಬೀದಿಯವರು ಕೊಟ್ಟರು. ಅಂಗಡಿಯಲ್ಲಿ ಹೊಲಿಯುವ ಕಾಳಕ್ಕ ಹುಳಿಯಾರಿನ ಕಡೆಯ ತನ್ನ ಹಟ್ಟಿಯಿಂದ ಅವಳತ್ತೆಯ ಸೀರೆ ತಂದಳು. ನಡುವೆ ಮಾತ್ರ ಖಾಲಿ.

ಇಷ್ಟು ದಿನ ನೀವು ಹಟಕ್ಕೆ ಕೊಡುತ್ತಿಲ್ಲ ಎಂದು ತಿಳಿದಿದ್ದೆ. ಈಚೆಗೆ ಬೇರೆ ಯೋಚನೆ ಬಂತು. ನಿಮ್ಮದು ದೊಡ್ಡ ಮನೆ. ದೊಡ್ಡ ಮನೆಗಳಲ್ಲಿ ತೋಟ ಇರುತ್ತದೆ, ಅಟ್ಟದ ತುಂಬ ಕೊಬ್ಬರಿ ಇರುತ್ತದೆ, ಕೌದಿ ಹೊಲಿಯುವ ಕೈ ಮಾತ್ರ ಇರುವುದಿಲ್ಲವೇನೋ. ನಿಮ್ಮತ್ತೆಯವರಿಗೆ ಪಾಪ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ ಎಂದು ಕಾಣುತ್ತದೆ. ಇಲ್ಲದ್ದನ್ನು ಕೇಳಿ ನಿಮಗೆ ಮುಜುಗರ ಮಾಡಿದೆ. ಇನ್ನು ಕೇಳುವುದಿಲ್ಲ. ಮನ್ನಿಸಿ.

ರಂಗಮ್ಮ


ತುರುವೇಕೆರೆ
೧೧ ಡಿಸೆಂಬರ್ ೨೦೨೪

ರಂಗಮ್ಮನವರೆ,

ನಮ್ಮತ್ತೆಯ ಬಗ್ಗೆ ಮಾತಾಡಲು ನೀವು ಯಾರು? ಸುತ್ತಲ ಹಳ್ಳಿಯವರು ಕೌದಿ ಹಾಸಿ ಹೊಲಿಯಲು ನಮ್ಮ ಜಗಲಿಗೇ ಬರುತ್ತಿದ್ದರು. ಯಾವ ಪದರ ಮೊದಲು, ಯಾವುದು ಆಮೇಲೆ ಎಂದು ಅತ್ತೆ ಹೇಳದೆ ಒಬ್ಬರೂ ದಾರ ಕಡಿಯುತ್ತಿರಲಿಲ್ಲ. ಅವರು ಹೊಲಿದ ಕೌದಿ ಇನ್ನೂ ನಮ್ಮ ಅಟ್ಟದ ಮೇಲಿದೆ.

ಆಳು ಏಣಿ ಹತ್ತಲು ಹೋದ. ಬೇಡವೆಂದು ನಾನೇ ಹತ್ತಿ ಇಳಿಸಿದೆ. ಇದರ ಜೊತೆ ಕಳಿಸಿದ್ದೇನೆ. ಕಣ್ಣು ತುಂಬ ನೋಡಿ, ಬಾಯಿ ಮುಚ್ಚಿಕೊಂಡು ವಾಪಸ್ಸು ಕಳಿಸಿ. ವಾಪಸ್ಸು ಕಳಿಸುವುದು ನಿಮಗೆ ರೂಢಿಯಿದೆ.

ಗುರುಸಿದ್ದಮ್ಮ


ತಿಪಟೂರು
೧೫ ಡಿಸೆಂಬರ್ ೨೦೨೪

ಬೀಗಿತ್ತಿಯವರಿಗೆ,

ಬಾಯಿ ಮುಚ್ಚಿಕೊಂಡೇ ಇದ್ದೇನೆ, ಬರೆಯುತ್ತಿರುವುದು ಕೈ.

ನಿಮ್ಮ ಕೌದಿಯನ್ನು ಅಂಗಡಿಯ ನಡುಮನೆಯಲ್ಲಿ ಹಾಸಿದೆವು. ಹೊಗೆ, ಕೊಬ್ಬರಿ, ಹಳೆಯ ಹತ್ತಿ ಮೂರೂ ಕೂಡಿದ ವಾಸನೆ ಬೀದಿಯವರೆಗೆ ಹೋಯಿತು. ಮಿಷನ್ ತುಳಿಯುತ್ತಿದ್ದವರು ಕಾಲು ನಿಲ್ಲಿಸಿದರು.

ಮೊದಲು ಕಣ್ಣಿಗೆ ಬಿದ್ದದ್ದು ಮೂಲೆಗಳು. ನಾಲ್ಕು ಮೂಲೆಯನ್ನೂ ಇಲಿ ಕಡಿದಿದೆ. ನಡುವೆ ಎಲ್ಲೂ ಒಂದು ಹಲ್ಲು ಬಿದ್ದಿಲ್ಲ. ‘ಇದೇನ್ ಇಲಿಯಪ್ಪಾ, ಅಳತೆ ತಗೊಂಡು ಕಡ್ದದೆ’ ಎಂದಳು ಕಾಳಕ್ಕ. ನನಗೆ ನಗು ಬಂತು, ಆಮೇಲೆ ಬೇರೇನೋ ಬಂತು. ನನ್ನವ್ವ ಕೌದಿ ಮುಗಿಸುವಾಗ ಪ್ರತಿ ಮೂಲೆಗೂ ಒಂದು ಚೂರು ಕೊಬ್ಬರಿ ಇಟ್ಟು ಹೊಲಿಯುತ್ತಿದ್ದಳು. ಕೌದಿ ಹಸಿದಿದ್ದರೆ ಮಲಗಿದವರಿಗೆ ನಿದ್ದೆ ಬರುವುದಿಲ್ಲವಂತೆ. ಆಮೇಲೆ ಇಲಿ ಬಂದು ಅದನ್ನು ಉಂಡು ಹೋಗುತ್ತಿತ್ತು. ಪ್ರತಿ ಸಲವೂ ಬೈಯುತ್ತಿದ್ದಳು, ಪ್ರತಿ ಸಲವೂ ಇಡುತ್ತಿದ್ದಳು. ಇಂಥ ದಡ್ಡತನ ನಮ್ಮ ಮನೆಯಲ್ಲಿ ಮಾತ್ರ ಎಂದುಕೊಂಡಿದ್ದೆ. ನಿಮ್ಮ ದೊಡ್ಡ ಮನೆಯಲ್ಲೂ ಅದೇ ನಡೆದಿದೆ.

ಇಲಿ ಕಡಿದ ಮೂಲೆಯಲ್ಲಿ ಮೇಲಿನ ಪದರ ಸರಿಸಿ ನೋಡಿದರೆ ಒಳಗೆ ಇನ್ನೊಂದು ಹಳೆಯ ಕೌದಿ. ಹಳೆಯದನ್ನು ಎಸೆಯದೆ ಅದರ ಮೇಲೇ ಹೊಸದನ್ನು ಹಾಸಿ ಹೊಲಿದಿದ್ದಾರೆ. ಅತ್ತೆಯ ಕೆಳಗೆ ಅವರತ್ತೆ. ಹೊಲಿಗೆ ಮಾತ್ರ ಅಕ್ಕಿಕಾಳು ಸಾಲಾಗಿ ಇಟ್ಟ ಹಾಗಿದೆ. ಸೂಜಿಗೆ ದಾರ ಪೋಣಿಸಲು ಬಾರದವರು ಎಂದು ಬರೆದೆನಲ್ಲ, ಅದು ಬೇಕೆಂದೇ ಬರೆದದ್ದು. ಹಾಗೆ ಬರೆಯದಿದ್ದರೆ ನೀವು ಏಣಿ ಹತ್ತುತ್ತಿರಲಿಲ್ಲ.

ಒಂದು ಮಾತ್ರ ತಿಳಿಯಲಿಲ್ಲ. ಮೇಲಿನ ಕೌದಿಯಲ್ಲಿ ಎರಡು ಕೈ ಇವೆ. ಒಂದರ ಸಾಲು ಎಲ್ಲರ ಹಾಗೆ ಬಲದಿಂದ ಎಡಕ್ಕೆ ಓಡಿದೆ. ಇನ್ನೊಂದು ಅದೇ ಮೂಲೆಯಿಂದ ಹೊರಟು ಆಚೆಯ ಅಂಚು ಹಿಡಿದು ಎಡದಿಂದ ಬಲಕ್ಕೆ ಹೋಗಿದೆ, ಗಂಟು ಹಾಕಿದ ರೀತಿಯೂ ಹಿಂದುಮುಂದು. ಎರಡೂ ಎದುರಿನ ಮೂಲೆಯಲ್ಲಿ ಬಂದು ಸೇರಿವೆ. ಈ ಎರಡನೆಯ ಕೈ ಮೊದಮೊದಲು ತಡವರಿಸಿದೆ, ಬರಬರುತ್ತ ಮೊದಲಿನದನ್ನು ಮೀರಿಸಿದೆ.

ನಿಮ್ಮ ಮನೆಯಲ್ಲಿ ಎಡಗೈಯವರು ಯಾರಿದ್ದರು?

ರಂಗಮ್ಮ


ತುರುವೇಕೆರೆ
೩೦ ಡಿಸೆಂಬರ್ ೨೦೨೪

ನಾನೇ.

ಗುರುಸಿದ್ದಮ್ಮ


ತಿಪಟೂರು
೨ ಜನವರಿ ೨೦೨೫

ಬೀಗಿತ್ತಿಯವರೆ,

ನಿಮ್ಮ ಕಾಗದ ಓದಿದೆ. ಅಷ್ಟು ಚಿಕ್ಕ ಕಾಗದವನ್ನು ಓದಲು ನನಗೆ ಇಡೀ ಮಧ್ಯಾಹ್ನ ಹಿಡಿಯಿತು.

ಕೌದಿ ವಾಪಸ್ಸು ಕಳಿಸುತ್ತಿಲ್ಲ. ಅದರ ಅಂಚು ಜೀರ್ಣವಾಗಿದೆ, ನಡು ಗಟ್ಟಿಯಾಗಿದೆ. ಕೂಸಿನ ಕೌದಿಗೆ ಅದೇ ನಡು ಆಗಲಿ ಎಂದು ನನ್ನಾಸೆ. ಆದರೆ ಕತ್ತರಿ ನಾನು ಹಾಕುವುದಿಲ್ಲ, ಅದು ನಿಮ್ಮ ಮನೆಯದು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬನ್ನಿ. ಬೀಗರ ಮನೆಗೆ ಬರುವುದು ಬೇಡ, ಅಂಗಡಿಗೆ ಬನ್ನಿ. ಅಂಗಡಿಗೆ ಯಾರು ಬೇಕಾದರೂ ಬರಬಹುದು, ಮರ್ಯಾದೆಗೆ ಏನೂ ಊನವಾಗದು.

ನಾನು ಬಲಗೈಯವಳು. ನಿಮ್ಮ ಕಡೆಯ ಸಾಲು ಹಾಗೇ ಬಿಟ್ಟಿರುತ್ತೇನೆ.

ರಂಗಮ್ಮ


ತಿಪಟೂರು
೩ ಫೆಬ್ರವರಿ ೨೦೨೫

ಗುರುಸಿದ್ದಮ್ಮನವರಿಗೆ,

ಒಂದು ದಿನಕ್ಕೆ ಬನ್ನಿ ಎಂದು ಕರೆದೆ. ನೀವು ವಾರವೆಲ್ಲ ಮೊದಲ ಬಸ್ಸಿಗೆ ಬಂದು ಕಡೇ ಬಸ್ಸಿಗೆ ಹೋದಿರಿ. ಈಗ ನೋಡಿ ನನ್ನ ಪಾಡು. ಹೆಂಗಸರು ನನ್ನ ಮಾತು ಕೇಳುತ್ತಿಲ್ಲ. ಏನು ಹೇಳಿದರೂ ಕಾಳಕ್ಕ, ‘ತುರುವೇಕೆರೆ ಅಮ್ಮ ಹಂಗೇಳಿಲ್ವಲ್ಲಕ್ಕ’ ಎನ್ನುತ್ತಾಳೆ. ಕೌದಿ ಹಾಸುವಾಗ ಮೂಲೆಗಳಿಗೆ ಭಾರಕ್ಕೆ ಕಲ್ಲು ಇಡುತ್ತಿದ್ದೆವು. ನೀವು ಹೇಳಿಕೊಟ್ಟ ಮೇಲೆ ಸುಲಿಯದ ತೆಂಗಿನ ಸಿಪ್ಪೆಕಾಯಿ ಬಿಟ್ಟು ಬೇರೇನೂ ಇಡುವ ಹಾಗಿಲ್ಲ. ಅಂಗಡಿ ನನ್ನದು, ಕಾನೂನು ನಿಮ್ಮದು.

ಹೊಲಿಯುತ್ತ ಕೂತಾಗ ನೀವು ಹೇಳಿದ್ದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಮದುವೆಯಾಗಿ ಬಂದಾಗ ಎಡಗೈಯೆಂದು ನಿಮ್ಮನ್ನು ಬಡಿಸಲು ಬಿಡಲಿಲ್ಲ, ಆರತಿ ತಟ್ಟೆ ಮುಟ್ಟಲು ಬಿಡಲಿಲ್ಲ. ನಿಮ್ಮತ್ತೆಯೊಬ್ಬರೇ ದಬ್ಬಳ ಕೈಗಿತ್ತು, ‘ನೀನು ಆ ಕಡಿಂದ ಬಾ, ನಾನು ಈ ಕಡಿಂದ ಬತ್ತೀನಿ, ಬೇಗ ಮುಗೀತದೆ’ ಎಂದರಂತೆ. ಎಲ್ಲರೂ ನಷ್ಟದ ಬಾಬ್ತಿಗೆ ಬರೆದಿಟ್ಟದ್ದನ್ನು ಆಯಮ್ಮ ಲಾಭಕ್ಕೆ ಹಾಕಿದರು. ವ್ಯಾಪಾರ ನಾನು ಬೀದಿಯಲ್ಲಿ ಕಲಿತೆ ಎಂದುಕೊಂಡಿದ್ದೆ. ನಿಮ್ಮತ್ತೆ ಜಗಲಿಯಲ್ಲಿ ಕೂತೇ ನನಗಿಂತ ಚೆನ್ನಾಗಿ ಬಲ್ಲವರು.

ಹಳೆಯ ಕೌದಿಗೆ ನೀವೇ ಕತ್ತರಿ ಹಾಕಿ ನಡು ಬಿಡಿಸಿಕೊಟ್ಟಿರಿ. ನಾವಿಬ್ಬರೂ ಆ ಕಡೆಯಿಂದ ಈ ಕಡೆಯಿಂದ ಹೊಲಿದು ಕೊನೆಯ ಮೂಲೆಗೆ ಬಂದಾಗ ದಾರ ಕಡಿದವರು ನೀವು. ಕೊಬ್ಬರಿ ಚೂರು ಇಟ್ಟವಳು ನಾನು. ‘ಇಲಿ ಬತ್ತದೆ ಕಣ್ರೀ’ ಎಂದಿರಿ. ‘ಬರ್ಲಿ ಬುಡಿ, ಅದೂ ನೆಂಟ್ರೇ’ ಎಂದೆ. ಮಕ್ಕಳ ಮದುವೆಯಾದ ದಿನದಿಂದ ಈವರೆಗೆ ನೀವು ನನ್ನ ಮುಂದೆ ನಕ್ಕದ್ದು ಅದೇ ಮೊದಲು.

ಇಷ್ಟಾದರೂ ನೀವು ಒಂದು ಮಾತು ಹೇಳದೆ ಹೋದಿರಿ, ಕೇಳಲು ನನಗೂ ಬಾಯಿ ಬರಲಿಲ್ಲ. ಈ ಕೌದಿ ನಿಮ್ಮ ಹೊಸ್ತಿಲು ದಾಟಿದರೆ ನೀವು ಆಚೆ ಹೋಗುತ್ತೇನೆ ಎಂದಿದ್ದಿರಿ. ದೀಪದ ಮುಂದೆ ಆಡಿದ ಮಾತು. ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೀರೆಂದು ನೀವೂ ಹೇಳಲಿಲ್ಲ, ಯೋಗಿತಾಗೂ ಗೊತ್ತಿಲ್ಲ. ನಮ್ಮ ಅಂಗಡಿಯಲ್ಲಿ ಕೂತು ಹೊಲಿಯುವುದು ಬೇರೆ. ನಿಮ್ಮ ಬಾಗಿಲಲ್ಲಿ, ನಿಮ್ಮ ಜನರ ಮುಂದೆ, ಗಂಗಾಂಬಿಕೆಯವರು ನಿಂತಿರುವಾಗ ಅದನ್ನು ಒಳಗೆ ಬಿಟ್ಟುಕೊಳ್ಳುವುದು ಬೇರೆ.

ಹದಿನಾರನೇ ತಾರೀಕು ಭಾನುವಾರ ಒಳ್ಳೆಯ ದಿನವಂತೆ. ಕೂಸನ್ನು ಕೌದಿಯಲ್ಲೇ ಮಲಗಿಸಿ ಕಳಿಸುತ್ತೇನೆ. ನಾನು ಬರುವುದಿಲ್ಲ. ನಾನು ನಿಂತಿದ್ದರೆ ನೀವು ನನ್ನ ಮುಖ ನೋಡಿ ಒಪ್ಪಿದಿರಿ ಎಂದಾದೀತು. ಬೇಡವೆನಿಸಿದರೆ ಜಗಲಿಯಲ್ಲೇ ಕೌದಿ ತೆಗೆದಿಟ್ಟು ಕೂಸನ್ನು ಒಳಗೆ ಕರೆದುಕೊಳ್ಳಿ. ಯೋಗಿತಾಗೂ ಹಾಗೇ ಹೇಳಿದ್ದೇನೆ. ಕೂಸಿಗಿಂತ ಕೌದಿ ದೊಡ್ಡದಲ್ಲ. ಇದನ್ನು ಬರೆಯಲು ನನಗೆಷ್ಟು ಕಷ್ಟವಾಯಿತೆಂದು ನಿಮಗೆ ಹೇಳಬೇಕಾಗಿಲ್ಲ.

ರಂಗಮ್ಮ


ತುರುವೇಕೆರೆ
೧೬ ಫೆಬ್ರವರಿ ೨೦೨೫, ಭಾನುವಾರ ಸಂಜೆ

ರಂಗಮ್ಮನವರಿಗೆ ಗುರುಸಿದ್ದಮ್ಮನ ಶರಣು.

ನಿಮ್ಮ ನಂಬರನ್ನು ಸಿದ್ದಾರ್ಥ್ ಕೈಲಿ ಸರಿಮಾಡಿಸಿದ್ದೇನೆ. ಆದರೂ ಈ ವಿಷಯ ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಯೋಗಿತಾಗೂ ನಿಮಗೆ ಏನೂ ಹೇಳಬೇಡ ಎಂದಿದ್ದೇನೆ. ನೀವು ಕಾಗದದಲ್ಲೇ ತಿಳಿಯಬೇಕು, ಕಾದು ತಿಳಿಯಬೇಕು.

ಕಾರು ಬಂದಾಗ ಬೀದಿಯವರೆಲ್ಲ ನಮ್ಮ ಜಗಲಿಯ ಮೇಲಿದ್ದರು. ನಾನು ಒಳಗೆ ನಿಂತಿದ್ದೆ. ಯೋಗಿತಾ ಕೂಸನ್ನೆತ್ತಿಕೊಂಡು ಮೆಟ್ಟಿಲು ಹತ್ತಿದಳು. ಪಾಪ, ನನ್ನ ಮುಖವನ್ನೇ ನೋಡುತ್ತ ಹತ್ತಿದಳು. ಒಂದು ಕೈ ಆಗಲೇ ಕೌದಿಯ ಅಂಚಿನಲ್ಲಿತ್ತು, ನಾನು ಹೂಂ ಎಂದರೆ ತೆಗೆದುಬಿಡಲು.

ಗಂಗಾಂಬಿಕೆ ಬಾಗಿಲಿಗೆ ಅಡ್ಡ ಬಂದಳು. ಎಲ್ಲರಿಗೂ ಕೇಳುವ ಹಾಗೆ, ‘ಅಯ್ಯೋ ಶಿವನೇ, ಹೊಸ ಕೂಸನ್ನ ಊರೋರ ಹಳೇ ಸೀರೇಲಿ ಸುತ್ಕೊಂಡು ಬಂದವ್ರಲ್ಲ. ಅತ್ತಿಗೆ, ಇದು ಒಳಗೆ ಬಂದ್ರೆ ನೀವು ಆಚೆ ಹೋಯ್ತೀನಿ ಅಂದಿದ್ರಿ, ಮರೆತ್ರಾ?’ ಎಂದಳು.

ಮರೆತಿರಲಿಲ್ಲ. ಆಡಿದ ಮಾತು ತಪ್ಪಿದವಳಲ್ಲ ನಾನು. ಹೊಸ್ತಿಲು ದಾಟಿ ಆಚೆ ಹೋದೆ. ಜಗಲಿಯ ಜನ ಎದ್ದು ನಿಂತರು. ಯೋಗಿತಾಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ನಾನು ಅವಳ ಕೈಯಿಂದ ಕೂಸನ್ನು ತೆಗೆದುಕೊಂಡೆ, ಕೌದಿ ಸಮೇತ. ಎಡಗೈಯಲ್ಲೇ ಹಿಡಿದುಕೊಂಡೆ, ನನಗೆ ಬಲವಿರುವುದು ಅದರಲ್ಲೇ. ತಿರುಗಿ ಬಾಗಿಲಿಗೆ ಬಂದೆ.

ಗಂಗಾಂಬಿಕೆ ಇನ್ನೂ ಅಲ್ಲೇ ನಿಂತಿದ್ದಳು.

‘ಇದ್ರೊಳಗೆ ನಿಮ್ಮವ್ವ ಅವ್ಳೆ ಕಣೇ,’ ಎಂದೆ. ‘ದಾರಿ ಬುಡು.’

ಅವಳು ಬಗ್ಗಿ ನೋಡಿದಳು. ಮಡಿಕೆಯ ಸಂದಿಯಿಂದ ನಡುವಿನ ಹಳೆಯ ನೀಲಿ ಚೌಕುಳಿ ಕಾಣುತ್ತಿತ್ತು. ಅದನ್ನು ಅವಳು ಗುರುತು ಹಿಡಿದಳು, ಅವಳ ಮುಖವೇ ಹೇಳಿತು. ಬೆರಳು ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಪಕ್ಕಕ್ಕೆ ಸರಿದಳು. ಕೂಸು ಇದ್ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ನಿದ್ದೆ ಮಾಡುತ್ತಲೇ ಹೊಸ್ತಿಲು ದಾಟಿತು.

ಈಗ ಹಜಾರದಲ್ಲಿ ಕೌದಿ ಹಾಸಿ ಮಲಗಿಸಿದ್ದೇನೆ. ಕೂಸು ಅಂಗಾತ ಮಲಗಿದೆ. ನೆಂಟರೆಲ್ಲ ಊಟಕ್ಕೆ ಏಳದೆ ಸುತ್ತ ಕೂತಿದ್ದಾರೆ. ಈ ತುಂಡು ಯಾರದು, ಆ ತುಂಡು ಯಾರದು ಎಂದು ಕೇಳುತ್ತಿದ್ದಾರೆ. ನಿಮ್ಮ ಕಡೆಯ ತುಂಡುಗಳ ಹೆಸರು ನನಗೆ ಗೊತ್ತಿಲ್ಲ. ಕಾಳಕ್ಕನ ಅತ್ತೆಯದೊಂದು ಬಿಟ್ಟು ಉಳಿದದ್ದಕ್ಕೆಲ್ಲ ‘ಬೀಗಿತ್ತಿ ಬಂದು ಹೇಳ್ತಾರೆ ಇರಿ’ ಎಂದಿದ್ದೇನೆ.

ಜನ ಎದ್ದು ಹೋಗುವ ಹಾಗೆ ಕಾಣುವುದಿಲ್ಲ. ಈ ಕಾಗದವನ್ನು ಕಡೇ ಬಸ್ಸಿನಲ್ಲಿ ಬೆಟ್ಟಸ್ವಾಮಿ ಕೈಲಿ ಕಳಿಸುತ್ತಿದ್ದೇನೆ, ನಾಳೆ ಮೊದಲ ಬಸ್ಸಿಗೆ ಬನ್ನಿ.

ನಿಮ್ಮ ದಾರಿ ನೋಡುತ್ತ,
ಗುರುಸಿದ್ದಮ್ಮ